ಸಾಣೆಕಲ್ಲಿಗೆ ಅಭ್ಯಂಜನ

ಅರಸೀಕೆರೆಯಿಂದ ಮಾಲೇಕಲ್ಲು ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಮೆಟ್ಟಿಲು ಶುರುವಾಗುವುದಕ್ಕೆ ಒಂದು ಕೂಗಳತೆ ಮೊದಲು, ಒಂದು ದೊಡ್ಡ ಹುಣಸೆಮರವಿತ್ತು. ಮರದ ಕೆಳಗೆ ಒಂದು ಚಪ್ಪಟೆ ಬಂಡೆ. ಆ ಬಂಡೆಯ ಮೇಲೆ ಜವರಯ್ಯನು ಕುಳಿತಿಲ್ಲವೆಂದರೆ ಅಂದು ಮಂಗಳವಾರವೋ ಬುಧವಾರವೋ ಆಗಿರಬೇಕೆಂದು ದಾರಿಯವರು ತಿಳಿದುಕೊಳ್ಳುತ್ತಿದ್ದರು. ಮಂಗಳವಾರ ಯಾರೂ ತಲೆಗೆ ಕತ್ತಿ ಮುಟ್ಟಿಸಿಕೊಳ್ಳುವುದಿಲ್ಲ. ಬುಧವಾರ ಜವರಯ್ಯನಿಗೆ ಎಣ್ಣೆಸ್ನಾನ.

ವೆಂಕಟರಮಣನಿಗೆ ಮುಡಿ ಕೊಡಲು ಬಂದವರ ತಲೆ ಬೋಳಿಸುವುದು ಅವನ ಕಸುಬು. ಅವನ ತಂದೆ ಮುದ್ದಯ್ಯನೂ ಅದೇ ಬಂಡೆಯ ಮೇಲೆ ಕುಳಿತು ಅದನ್ನೇ ಮಾಡಿದ್ದನು. ಐವತ್ತೆಂಟನೆಯ ಇಸವಿಯ ಹೊತ್ತಿಗೆ ಜವರಯ್ಯನಿಗೆ ಐವತ್ತೆರಡು ವರ್ಷ. ಸಣ್ಣ ಆಳು, ಕೈಬೆರಳುಗಳು ಮಾತ್ರ ಆಳಿಗೆ ಮೀರಿ ಉದ್ದ. ತಲೆಗೆ ನೀರು ತಟ್ಟುತ್ತಲೇ "ಯಾವೂರಾಯ್ತು?" ಎಂದು ಕೇಳುತ್ತಿದ್ದನು. ಬಂದವರು ಊರ ಹೆಸರು ಹೇಳಿದರೆ ಆ ಊರಿನ ಯಾರನ್ನಾದರೂ ನೆನಪಿಸಿಕೊಂಡು ಮಾತು ತೆಗೆಯುವನು. ಆ ಮಾತು ಮುಗಿಯುವಷ್ಟರಲ್ಲಿ ತಲೆ ಬೋಳಾಗಿರುತ್ತಿತ್ತು. ತನ್ನ ತಲೆಯ ಮೇಲೆ ಕತ್ತಿ ಓಡಾಡಿತೆಂಬುದೇ ಎಷ್ಟೋ ಜನಕ್ಕೆ ಗೊತ್ತಾಗುತ್ತಿರಲಿಲ್ಲ.

ಅವನ ಮನೆಗೆ ಒಂದು ಕಟ್ಟಳೆಯಿತ್ತು. ಮಾಡಿದವನು ಮುದ್ದಯ್ಯ. "ಇವು ದೇವರಿಗೆ ಬಂದ ತಲೆಗಳು ಕಣೋ. ಒಂದು ತೊಟ್ಟು ರಕ್ತ ಬಂತೂ ಅಂದ್ರೆ ತಪ್ಪು ನಮ್ದು. ಅವತ್ತೇ ಬೆಟ್ಟ ಹತ್ತಿ, ಒಂದು ಕಾಯಿ ಒಡ್ದು, ತಪ್ಪಾಯ್ತು ಅಂತ ಹೇಳಿ ಬರಬೇಕು." ಬೆಟ್ಟದ ಬುಡದ ಬೇರೆ ಕ್ಷೌರಿಕರಿಗೆ ಇಂಥ ಕಟ್ಟಳೆಯೇನೂ ಇರಲಿಲ್ಲ. ಗಾಯಕ್ಕೆ ಪಟಿಕ ಒತ್ತಿ, "ಏನಾಗಲ್ಲ ಬಿಡ್ರೀ" ಎಂದು ಮುಂದಿನವರನ್ನು ಕರೆಯುತ್ತಿದ್ದರು. ಜವರಯ್ಯನು ಮಾತ್ರ ಅಪ್ಪನ ಮಾತು ಬಿಟ್ಟವನಲ್ಲ. ಸಾವಿರಕ್ಕೆ ಮಿಕ್ಕಿದ ಮೆಟ್ಟಿಲು. ಆದರೂ ಕಷ್ಟವಾಗಿರಲಿಲ್ಲ, ಏಕೆಂದರೆ ಮೂವತ್ತು ವರ್ಷಗಳಲ್ಲಿ ಅವನು ಈ ಕಾರಣಕ್ಕಾಗಿ ಹತ್ತಿದ್ದು ಮೂರೇ ಸಲ. ಒಂದು ಸಲ ಹುಡುಗನೊಬ್ಬನು ಸೀನಿದನು. ಒಂದು ಸಲ ಮರದಿಂದ ಹುಣಸೆಕಾಯಿ ಕೈಮೇಲೆ ಬಿತ್ತು. ಮೂರನೆಯದು ಮಾತ್ರ ತನ್ನದೇ ಅಜಾಗರೂಕತೆಯೆಂದು ಅವನೇ ಹೇಳಿಕೊಳ್ಳುತ್ತಿದ್ದನು.

ಇಷ್ಟು ನಿರಾಳವಾಗಿ ಕತ್ತಿ ಓಡಲು ಕಾರಣ ತನ್ನ ಕೈಯಲ್ಲ, ಸಾಣೆಕಲ್ಲು ಎಂದು ಅವನ ನಂಬಿಕೆ. ಗೇಣುದ್ದ, ಮೂರು ಬೆರಳಗಲದ ಕಲ್ಲು. ಹಲಸಿನ ಮರದ ಅಚ್ಚಿನಲ್ಲಿ ಕೂರಿಸಿತ್ತು. ಮುದ್ದಯ್ಯನಿಗೆ ಅವನ ಅಪ್ಪ ಕೊಟ್ಟದ್ದು. ಅದಕ್ಕೂ ಹಿಂದೆ ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಕಲ್ಲು ಒಣಗಿದರೆ ಕತ್ತಿಯ ಬಾಯಿ ಕಿತ್ತುಹೋಗುತ್ತದೆ. ಎಣ್ಣೆಯಿದ್ದರೆ ಕಬ್ಬಿಣ ಮೆಲ್ಲಗೆ ಸವೆದು ಬಾಯಿ ಹದವಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಎಣ್ಣೆ ತಪ್ಪಬಾರದು. ಗಂಡಸರಿಗೆ ಎಣ್ಣೆನೀರಿನ ದಿನ ಬುಧವಾರ ಮತ್ತು ಶನಿವಾರ. ಶನಿವಾರ ಬೆಟ್ಟಕ್ಕೆ ಜನ ಮುಗಿಬೀಳುವ ದಿನ. ಹೀಗಾಗಿ ಜವರಯ್ಯನಿಗೆ ಬುಧವಾರವೇ ಉಳಿಯಿತು. ತನಗೆ ಯಾವ ದಿನವೋ ತನ್ನ ಕಲ್ಲಿಗೂ ಅದೇ ದಿನ. ಮೊದಲು ಕಲ್ಲಿಗೆ ಎಣ್ಣೆ. ಆಮೇಲೆ ಅವನ ನೆತ್ತಿಗೆ. ಬಳಿಕ ಹಿತ್ತಲಲ್ಲಿ ಒಂದು ಹಲಗೆಯ ಮೇಲೆ ಲಂಗೋಟಿ ತೊಟ್ಟ ಜವರಯ್ಯ, ಅವನ ಪಕ್ಕದಲ್ಲಿ ಕಲ್ಲು, ಇಬ್ಬರೂ ಮಿರಮಿರನೆ ಮಿಂಚುತ್ತ ಎಳೆಬಿಸಿಲಿಗೆ ಮೈಯೊಡ್ಡಿ ಕೂರುತ್ತಿದ್ದರು.

ಅವನ ಹೆಂಡತಿ ಗಿಡ್ಡಮ್ಮ ಬಾಯಿ ಜೋರಿನವಳು, ಮನಸ್ಸು ಮೆದುವಿನವಳು. ಪ್ರತಿ ಬುಧವಾರವೂ ಬಚ್ಚಲ ಒಲೆಯ ಮುಂದಿನಿಂದ ಅವಳದೊಂದು ಮಾತು ಇದ್ದೇ ಇರುತ್ತಿತ್ತು.

"ಅಣ್ಣತಮ್ಮಂದಿರು ಬಿಸ್ಲು ಕಾಯಿಸ್ಕೊಂಡಿದ್ದು ಸಾಕು, ನೀರು ಕಾದೈತೆ. ದೊಡ್ಡೋರು ಯಾರು, ಮೊದ್ಲು ಬನ್ನಿ."

"ದೊಡ್ಡೋನು ಅವನೇ ಕಣೇ. ನಮ್ಮಜ್ಜನ ಕಾಲದೋನು."

"ಹಂಗಾದ್ರೆ ಬೆನ್ನುಜ್ಜಿಸ್ಕೊಳೋಕೂ ಅವನ್ನೇ ಕಳ್ಸು."

ಆದರೆ ಕಲ್ಲು ಎಂದೂ ಬಚ್ಚಲಿಗೆ ಹೋದದ್ದಿಲ್ಲ. ಎಣ್ಣೆ ಹೀರಿಕೊಳ್ಳಲೆಂದು ಅದನ್ನು ಹಲಗೆಯ ಮೇಲೆಯೇ ಬಿಟ್ಟು, ಜವರಯ್ಯನು ಸ್ನಾನ ಮುಗಿಸಿ, ಅರಸೀಕೆರೆಗೆ ನಡೆದು, ಬಸ್ ನಿಲ್ದಾಣದ ಹತ್ತಿರ ಕನ್ನಡಿ ಕುರ್ಚಿ ಇಟ್ಟುಕೊಂಡು ಅಂಗಡಿ ನಡೆಸುತ್ತಿದ್ದ ಮಗ ಲಕ್ಕಪ್ಪನ ಕೈಯಲ್ಲಿ ತನ್ನ ಗಡ್ಡ ಕೆರೆಸಿಕೊಂಡು, ಸಂಜೆಯ ಮುಂಚೆ ಹಿಂದಿರುಗಿ ಕಲ್ಲನ್ನು ಎತ್ತಿಡುವನು.

ಆ ವರ್ಷದ ಸುಗ್ಗಿಯಲ್ಲಿ ಹಾರನಹಳ್ಳಿಯಿಂದ ಗಿಡ್ಡಮ್ಮನ ತಮ್ಮನು ಒಂದು ದೊಡ್ಡ ಡಬ್ಬ ಹುಚ್ಚೆಳ್ಳೆಣ್ಣೆಯನ್ನು ಬಸ್ಸಿನ ಮೇಲೆ ಹಾಕಿ ಕಳಿಸಿದ್ದನು. ಅವನ ಹೊಲದ ಹುಚ್ಚೆಳ್ಳು, ಅವನೇ ನಿಂತು ಗಾಣದಲ್ಲಿ ಆಡಿಸಿದ್ದು. ಅದುವರೆಗೆ ಕಲ್ಲಿಗೆ ಕೊಬ್ಬರಿಎಣ್ಣೆಯ ಕೆಲವೇ ತೊಟ್ಟು ಬೀಳುತ್ತಿತ್ತು. ಈಗ ಮನೆಯಲ್ಲಿ ಎಣ್ಣೆಯ ಸುಭಿಕ್ಷ. ಜವರಯ್ಯನು ಸಂತೋಷದಿಂದ ಕಲ್ಲಿಗೂ ಧಾರಾಳವಾಗಿ ಸುರಿದನು. ಕಲ್ಲು ವಾರದಿಂದ ವಾರಕ್ಕೆ ಹೊಳೆಯತೊಡಗಿತು. ಕಪ್ಪಗೆ, ನುಣ್ಣಗೆ, ಗರ್ಭಗುಡಿಯ ವಿಗ್ರಹದ ಹಾಗೆ. ಮುಡಿಗೆ ಬಂದವರಿಗೆ ಅದನ್ನು ಎತ್ತಿ ತೋರಿಸುವನು. "ನೋಡಿ ಸ್ವಾಮಿ, ಮುಖ ನೋಡ್ಕೊಬೌದು. ಎಣ್ಣೆ ಕುಡ್ದ ಕಲ್ಲು ಅಂದ್ರೆ ಹಿಂಗಿರಬೇಕು."

ಅದೇ ವರ್ಷ ವೈಶಾಖದಲ್ಲಿ, ಕಡೂರಿನ ಕಡೆಯ ಒಬ್ಬ ಯಾತ್ರಿಕನ ಕಿವಿಯ ಹಿಂದೆ ಒಂದು ಕೆಂಪು ಗೆರೆ ಮೂಡಿತು.

ಜವರಯ್ಯನು ಸಂಜೆ ಬೆಟ್ಟ ಹತ್ತಿದನು. ಹದಿನೈದು ದಿನ ಕಳೆಯಿತು. ಮತ್ತೊಂದು ತಲೆ, ಮತ್ತೊಂದು ಗೆರೆ. ಆಷಾಢ ಮುಗಿಯುವುದರೊಳಗೆ ಏಳು ಸಲ ಹತ್ತಿದನು. ಕತ್ತಿ ಹಿಂದಿನಂತೆ ಜಾರುತ್ತಿರಲಿಲ್ಲ, ಕೂದಲನ್ನು ಎಳೆಯುತ್ತಿತ್ತು. ಎಳೆದರೆ ಒತ್ತಬೇಕು, ಒತ್ತಿದರೆ ಕುಯ್ಯುತ್ತದೆ. ಮಸೆದು ಮಸೆದು ನೋಡಿದನು. ಹೆಚ್ಚು ಎಣ್ಣೆ ಹಾಕಿ ಮಸೆದನು. ಕತ್ತಿ ಕಲ್ಲಿನ ಮೇಲೆ ಬೆಣ್ಣೆಯ ಮೇಲೆ ಓಡಿದಂತೆ ಓಡುತ್ತಿತ್ತು. ಬಾಯಿ ಮಾತ್ರ ಬರುತ್ತಿರಲಿಲ್ಲ. ಅಜ್ಜನ ಕಾಲದ ಕಲ್ಲಿನಲ್ಲಿ ಐಬು ಇದ್ದೀತೆಂದು ಅವನಿಗೆ ಕನಸಿನಲ್ಲಿಯೂ ತೋರಲಿಲ್ಲ. ತೋರಿದ್ದು ಬೇರೆ. ಮುದ್ದಯ್ಯನ ಕೈ ಕೊನೆಗಾಲದಲ್ಲಿ ನಡುಗಲಾರಂಭಿಸಿತ್ತು. ಒಂದು ದಿನ ಅವನು ಕತ್ತಿಯನ್ನು ಮಡಿಸಿ ಮಗನ ಕೈಯಲ್ಲಿಟ್ಟು ಎದ್ದುಹೋಗಿದ್ದನು. ಆಗ ಮುದ್ದಯ್ಯನಿಗೂ ಐವತ್ತರ ಆಸುಪಾಸು. ಜವರಯ್ಯನು ಒಬ್ಬನೇ ಇದ್ದಾಗ ತನ್ನ ಕೈಯನ್ನು ಮುಂದೆ ಚಾಚಿ ನೋಡಿಕೊಳ್ಳುವನು. ನಡುಗುತ್ತಿರಲಿಲ್ಲ. ಆದರೆ ಮನುಷ್ಯನು ತನ್ನ ಕೈಯನ್ನು ತಾನೇ ದಿಟ್ಟಿಸಿ ನೋಡುತ್ತಿದ್ದರೆ ಎಂಥ ಕೈಯೂ ನಡುಗಿದಂತೆ ಕಾಣುತ್ತದೆ.

ಊರಿನವರಿಗೆ ಈ ವಿಷಯವೇ ಗೊತ್ತಿಲ್ಲ. ಅವರು ಕಂಡದ್ದು, ಜವರಯ್ಯನು ಪದೇಪದೇ ಕಾಯಿ ಹಿಡಿದು ಬೆಟ್ಟ ಹತ್ತುವುದನ್ನು. ಮೆಟ್ಟಿಲ ಬುಡದಲ್ಲಿ ಕಾಯಿ, ಬಾಳೆಹಣ್ಣು ಮಾರುವ ಬೋರಮ್ಮ ಎಂಬ ಮುದುಕಿ ಮೊದಲು ಸುದ್ದಿ ಹಬ್ಬಿಸಿದಳು.

"ಏನ್ಲಾ ಜವರಾ, ವೆಂಕಟರಮಣ ಕನಸಲ್ಲಿ ಬಂದಿದ್ನೇನ್ಲಾ? ಮೂವತ್ತು ವರ್ಸ ಬುಡದಲ್ಲಿ ಕುಂತಿದ್ದೋನು ಈಗ ಮಳೆಗಾಲದ ಹುಲ್ಲಂಗೆ ಭಕ್ತಿ ಎದ್ಬುಟ್ಟೈತೆ."

"ಹೂಂ ಕಣವ್ವ. ಒಂದು ಒಳ್ಳೆ ಕಾಯಿ ಕೊಡು."

"ನಿಂಗೆ ಕೆಟ್ಟದ್ದು ಕೊಟ್ಟೇನಾ? ಇಂಥ ಭಕ್ತನಿಗೆ."

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನವರು ಒಂದು ದಿನ ಮೆಟ್ಟಿಲಿನ ನಡುವೆ ಅವನನ್ನು ಕಂಡು ನಿಂತು ಎರಡೂ ಕೈ ಜೋಡಿಸಿದರು. "ಕಸುಬಿನ ಜೊತೆಗೆ ಇಷ್ಟು ನಿಷ್ಠೆ! ನಿಮ್ಮಂಥವರು ಇದ್ದಾರೆ, ಅದಕ್ಕೇ ಕೆರೆಗೆ ನೀರು ಬರ್ತಿದೆ" ಎಂದರು. ಜವರಯ್ಯನಿಗೆ ಮೆಟ್ಟಿಲು ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ನಿಜ ಹೇಳಿದರೆ ಕೈ ಕೆಟ್ಟಿತೆಂದು ಹೇಳಿದಂತೆ. ಹೇಳದಿದ್ದರೆ ಇಲ್ಲದ ಭಕ್ತಿಗೆ ನಮಸ್ಕಾರ. ಮಂಡಿ ಬೇರೆ ನೋಯುತ್ತಿತ್ತು. ಅವನು ಸುಮ್ಮನೆ ತಲೆ ತಗ್ಗಿಸಿದನು. ಅದೂ ವಿನಯವೆಂದು ಷಡಕ್ಷರಪ್ಪನವರು ಊರಲ್ಲಿ ಹೇಳಿದರು.

ಶ್ರಾವಣ ಹುಟ್ಟಿದ ಮೂರನೆಯ ದಿನ ಬೇಲೂರಿನಿಂದ ಒಂದು ಕಾರ್ಡು ಬಂತು. ಲಕ್ಕಪ್ಪನು ಓದಿ ಹೇಳಿದನು. ಬರೆದವರು ಗೋಪಾಲಸ್ವಾಮಿ ಎಂಬ ಮೇಷ್ಟರು. ಬೇಲೂರಿನ ದೇವಸ್ಥಾನದ ಕೈಂಕರ್ಯದ ಮನೆತನದವರು. ಅವರ ಮೂರು ವರ್ಷದ ಮಗ ಸಂಪತ್ಕುಮಾರನಿಗೆ ಬರುವ ಶನಿವಾರ ಮಾಲೇಕಲ್ಲಿನಲ್ಲಿ ಮೊದಲ ಮುಡಿ. "ನನ್ನ ಅಣ್ಣನವರಿಗೆ ನಿಮ್ಮ ತಂದೆಯ ಕೈಯಲ್ಲಿ ಆಯಿತು. ನನಗೆ ನಿಮ್ಮ ಕೈಯಲ್ಲಿ ಆಯಿತು. ಮಗುವಿಗೂ ನಿಮ್ಮ ಕೈಯಲ್ಲಿಯೇ ಆಗತಕ್ಕದ್ದೆಂದು ತಾಯಿಯವರ ಅಪ್ಪಣೆ. ತಪ್ಪದೆ ಇರಬೇಕು."

"ನೋಡಪ್ಪಯ್ಯ, ಬೇಲೂರಿಗೂ ಹೋಗೈತೆ ನಿನ್ನ ಹೆಸ್ರು" ಎಂದು ಲಕ್ಕಪ್ಪ ನಕ್ಕನು.

ಜವರಯ್ಯನು ಕಾರ್ಡನ್ನು ಇಸಕೊಂಡು ಹಡಪದ ಪೆಟ್ಟಿಗೆಯಲ್ಲಿ, ಕತ್ತಿಗಳ ಕೆಳಗೆ ಇಟ್ಟನು. ಎಳೆಗೂಸಿನ ತಲೆ, ತೊಗಲು ಈರುಳ್ಳಿಯ ಒಳಪೊರೆಯಂತೆ. ಅವನು ಮನಸ್ಸಿನಲ್ಲಿ ಒಂದು ನಿಶ್ಚಯ ಮಾಡಿಕೊಂಡನು. ಈ ಮಗುವಿನ ತಲೆಯಲ್ಲಿ ಒಂದು ತೊಟ್ಟು ರಕ್ತ ಬಂದರೆ, ಅಪ್ಪ ಮಾಡಿದಂತೆ ತಾನೂ ಅಂದೇ ಕತ್ತಿ ಮಡಿಸಿ ಲಕ್ಕಪ್ಪನಿಗೆ ಕೊಟ್ಟು, ಬಂಡೆ ಬಿಟ್ಟು ಏಳುವುದು. ಯಾರಿಗೂ ಹೇಳಲಿಲ್ಲ.

ಲಕ್ಕಪ್ಪನಿಗೆ ಅದೇ ವರ್ಷ ಮದುವೆಯಾಗಿತ್ತು. ಸೊಸೆ ಅನುಸೂಯಮ್ಮ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವಳು. ಮದುವೆಯಾಗಿ ಹದಿನೈದು ದಿನ ಇದ್ದು, ಆಷಾಢಕ್ಕೆ ತವರಿಗೆ ಹೋದವಳು, ಆ ಮಂಗಳವಾರ ಸಂಜೆ ಒಂದು ಬುಟ್ಟಿ ಚಕ್ಕುಲಿಯೊಡನೆ ಹಿಂದಿರುಗಿದಳು. ಮಾತು ಕಡಿಮೆ, ಕೈ ಚುರುಕು. ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚಾಗಿಯೇ ಮಾಡುವ ಹುಡುಗಿ.

ಮಾರನೆಯ ದಿನ ಹಾರನಹಳ್ಳಿಯಲ್ಲಿ ಗಿಡ್ಡಮ್ಮನ ತಮ್ಮನ ಕೂಸಿಗೆ ನಾಮಕರಣ. ಮೊದಲ ಬಸ್ಸಿಗೆ ಹೊರಟ ಗಿಡ್ಡಮ್ಮ ಹೊಸಲಲ್ಲಿ ನಿಂತು ಸೊಸೆಗೆ ಎಲ್ಲವನ್ನೂ ಒಪ್ಪಿಸಿದಳು.

"ಇವತ್ತು ಬುಧವಾರ. ನಿಮ್ಮ ಮಾವಂಗೂ ಅವ್ರ ಕಲ್ಗೂ ಎಣ್ಣೆನೀರು. ಹಂಡೆ ತುಂಬ ಕಾಯ್ಸು, ಇಬ್ರಿಗೂ ಆಗ್ಬೇಕು. ಸೀಗೆಪುಡಿ ಬಚ್ಚಲ ಗೂಡಲ್ಲೈತೆ. ನಾಳೆ ಬತ್ತೀನಿ."

"ಇಬ್ರಿಗೂ" ಎಂಬುದು ಆ ಮನೆಯ ಹಳೆಯ ತಮಾಷೆ. ಹೊಸ ಸೊಸೆಗೆ ಹೇಗೆ ತಿಳಿಯಬೇಕು?

ಜವರಯ್ಯನು ಎಂದಿನಂತೆ ಕಲ್ಲಿಗೆ ಎಣ್ಣೆ ಸುರಿದನು, ತಾನೂ ಹಚ್ಚಿಕೊಂಡನು, ಬಿಸಿಲು ಕಾಯಿಸಿಕೊಂಡನು, ಸ್ನಾನ ಮಾಡಿದನು. ಕಲ್ಲನ್ನು ಹಲಗೆಯ ಮೇಲೆ ಬಿಟ್ಟು ಅರಸೀಕೆರೆಗೆ ಹೊರಟುಹೋದನು. ಅನುಸೂಯಮ್ಮ ಬಂದು ನೋಡಿದಳು. ಹಂಡೆಯಲ್ಲಿ ಅರ್ಧ ನೀರು ಉಳಿದಿದೆ. ಕಲ್ಲು ಎಣ್ಣೆಮೈಯಲ್ಲಿಯೇ ಕೂತಿದೆ. ಎಣ್ಣೆ ಹಚ್ಚಿಕೊಂಡವರನ್ನು ಸ್ನಾನ ಮಾಡಿಸದೆ ಬಿಡುವುದುಂಟೆ? ಮಾವ ಮರೆತರು ಎಂದುಕೊಂಡಳು. ಕಲ್ಲನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿ ಸೀಗೆಪುಡಿ ಹಾಕಿ ಉಜ್ಜಿದಳು. ಮೇಲಿನ ಎಣ್ಣೆ ಹೋಯಿತು. ಅದರ ಕೆಳಗೆ ಇನ್ನೊಂದು ಇತ್ತು, ದೇವರ ದೀಪದ ಕಂಬಕ್ಕೆ ಕಟ್ಟಿಕೊಳ್ಳುತ್ತದಲ್ಲ, ಅಂಥ ಅರಗಿನಂಥ ಜಿಡ್ಡು. ಅವಳ ತವರಿನಲ್ಲಿ ದೀಪದ ಕಂಬವನ್ನು ಬೆಳಗುತ್ತಿದ್ದವಳು ಅವಳೇ. ಒಲೆಯಿಂದ ಬಿಸಿಬೂದಿ ತೆಗೆದು, ತೆಂಗಿನ ನಾರು ಹಿಡಿದು, ಕುದಿಯುವ ನೀರು ಹೊಯ್ದು ತಿಕ್ಕಿದಳು. ಮೂರು ಸಲ ಬೂದಿ, ಮೂರು ಸಲ ನೀರು. ತೋಳು ಸೋತಿತು. ಕೊನೆಗೆ ಕಂದು ಬಣ್ಣದ ಸಿಪ್ಪೆ ಬಿಟ್ಟುಕೊಂಡು ಬಂತು. ಕಲ್ಲನ್ನು ಒಗೆದ ಬಟ್ಟೆಯಲ್ಲಿ ಒರೆಸಿ, ಅಚ್ಚಿನಲ್ಲಿ ಕೂರಿಸಿ, ಜಗಲಿಯ ಮೇಲೆ ಬಿಸಿಲಿಗಿಟ್ಟಳು.

ಮಧ್ಯಾಹ್ನ ಹಿಂದಿರುಗಿದ ಜವರಯ್ಯನಿಗೆ ಮೊದಲು ಅದು ತನ್ನ ಕಲ್ಲೆಂದೇ ಗುರುತು ಸಿಗಲಿಲ್ಲ. ಅಚ್ಚಿನಿಂದ ತಿಳಿಯಿತು. ಬೂದುಬಣ್ಣ, ಒರಟು ಮೈ. ಯಾವನೋ ದಾರಿಯಲ್ಲಿ ಹೆಕ್ಕಿ ತಂದ ಚಪ್ಪಡಿ ಚೂರಿನಂತಿತ್ತು. ಅನುಸೂಯಮ್ಮ ಬಾಗಿಲ ಮರೆಯಲ್ಲಿ ನಿಂತು, ಶಹಬಾಸ್ ಅನ್ನಿಸಿಕೊಳ್ಳುವ ಆಸೆಯಿಂದ, ಮೆಲ್ಲಗೆ ಹೇಳಿದಳು.

"ಬಾಳ ದಿನದ ಜಿಡ್ಡು ಮಾವ. ಸೀಗೆಗೆ ಬಿಡ್ಲಿಲ್ಲ. ಬೂದಿ ಹಾಕ್ದೆ."

ಜವರಯ್ಯನು ಅವಳನ್ನು ನೋಡಿದನು, ಕಲ್ಲನ್ನು ನೋಡಿದನು. ಏನೂ ಆಡಲಿಲ್ಲ. ಆ ಮನೆಯಲ್ಲಿ ಬೈಗುಳಕ್ಕೆ ಯಾರೂ ಹೆದರುತ್ತಿರಲಿಲ್ಲ, ಅದು ಗಿಡ್ಡಮ್ಮನ ಬಾಯಿಂದ ದಿನವೂ ಬರುತ್ತಿತ್ತು. ಜವರಯ್ಯನು ಮಾತು ಬಿಟ್ಟರೆ ಮಾತ್ರ ಹೆದರಬೇಕು. ಅವನು ಕಲ್ಲನ್ನು ಎತ್ತಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿ, ಊಟಕ್ಕೆ ಏಳದೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟನು. ಲಕ್ಕಪ್ಪ ಸಂಜೆ ಬಂದು ಸಂಗತಿ ಕೇಳಿ ನಕ್ಕು, "ಹೋಗ್ಲಿ ಬಿಡಪ್ಪಯ್ಯ, ಪೇಟೇಲಿ ಹೊಸಾ ಸಾಣೆಕಲ್ಲು ಬಂದೈತೆ, ಒಂದು ತತ್ತೀನಿ" ಎಂದನು. ಜವರಯ್ಯನು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡನು. ಒಳಗೆ ಅನುಸೂಯಮ್ಮ ಒಲೆಯ ಹೊಗೆಗೆ ಕಣ್ಣೊರೆಸಿಕೊಳ್ಳುವಂತೆ ಕಣ್ಣೊರೆಸಿಕೊಳ್ಳುತ್ತಿದ್ದಳು; ಒಲೆ ಆರಿ ಬಹಳ ಹೊತ್ತಾಗಿತ್ತು.

ಗುರುವಾರ ಬಂದ ಗಿಡ್ಡಮ್ಮ ಸೊಸೆಯ ಮುಖ ನೋಡಿಯೇ ಎಲ್ಲವನ್ನೂ ಹೊರಡಿಸಿದಳು. ನೇರವಾಗಿ ಗಂಡನ ಮುಂದೆ ಹೋಗಿ ನಿಂತಳು.

"ಇಬ್ರಿಗೂ ನೀರು ಕಾಯ್ಸು ಅಂತ ಹೇಳ್ದೋಳು ನಾನು. ಬಯ್ಯೋದಿದ್ರೆ ನನ್ನ ಬಯ್ಯಿ. ಅದ್ಯಾಕೆ ಆ ಮಗೀನ ಮುಂದೆ ಬಾಯಿಗೆ ಬೀಗ ಹಾಕ್ಕೊಂಡು ಕುಂತಿದ್ದೀ?"

"ನಾಳಿದ್ದು ಬೇಲೂರ ಮಗ ಬತ್ತದೆ" ಎಂದನು ಜವರಯ್ಯ. ಹಿಂದಿನ ಮಧ್ಯಾಹ್ನದಿಂದ ಅವನಾಡಿದ ಮೊದಲ ಮಾತು.

"ಬರ್ಲಿ. ಬಂದ್ರೇನು?"

"ನಿಂಗೆ ಗೊತ್ತಿಲ್ಲ ಕಣೇ."

"ನಂಗೇನು ಗೊತ್ತಿಲ್ಲ? ಬೇಸಿಗೆಯಿಂದ ಈಚೆ ಏಳು ರಾತ್ರಿ ನಿನ್ನ ಮಂಡಿಗೆ ಎಣ್ಣೆ ತಿಕ್ಕಿದ್ದೀನಿ. ಭಕ್ತಿಗೆ ಹತ್ತೋನು ಇಳಿಯೋವಾಗ ಹಲ್ಲು ಕಚ್ಕೊಂಡು ಇಳಿಯಲ್ಲ. ಊರಿಗೆ ಗೊತ್ತಿಲ್ದಿರಬೌದು, ನಿಮ್ಮಪ್ಪನ ಕಟ್ಟಳೆ ನಂಗೊತ್ತಿಲ್ವಾ?"

ಹೆಂಡತಿಗೆ ಗೊತ್ತಿತ್ತೆಂದು ತಿಳಿದದ್ದರಿಂದ ಜವರಯ್ಯನಿಗೆ ಅರ್ಧ ಭಾರ ಇಳಿದಂತಾಯಿತು. ಇನ್ನರ್ಧ ಶನಿವಾರದ ಮೇಲೆ ಕೂತಿತ್ತು.

ಶುಕ್ರವಾರ ಬೆಳಿಗ್ಗೆ ಅವನಿಗೆ ಬೇರೆ ದಾರಿಯಿರಲಿಲ್ಲ. ಕತ್ತಿ ಮಸೆಯಲೇಬೇಕು. ಇದ್ದದ್ದು ಆ ಒಂದೇ ಕಲ್ಲು. ಜಗಲಿಯ ಬೆಳಕಿನಲ್ಲಿ ಕುಳಿತು ಪೆಟ್ಟಿಗೆಯಿಂದ ಅದನ್ನು ತೆಗೆದು, ಮೊದಲ ಬಾರಿಗೆ ಸರಿಯಾಗಿ ನೋಡಿದನು.

ಕಲ್ಲಿನ ಮೇಲೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ, ಒಂದು ಬಿಳಿಯ ಗೆರೆಯಿತ್ತು. ಅಕ್ಕಿಹಿಟ್ಟಿನಲ್ಲಿ ಎಳೆದ ರಂಗೋಲಿಯ ಎಳೆಯಷ್ಟು ಸಣ್ಣದು.

ಅವನು ಬೆರಳಿನಿಂದ ಅದನ್ನು ಮುಟ್ಟಿದನು. ಈ ಗೆರೆ ಅವನಿಗೆ ಗೊತ್ತು. ಆರು ವರ್ಷದವನಾಗಿದ್ದಾಗ ಅಪ್ಪ ಮಸೆಯುವುದನ್ನು ಎದುರು ಕುಳಿತು ನೋಡುತ್ತಿದ್ದನು. ಕತ್ತಿ ಆ ಬಿಳಿಗೆರೆಯನ್ನು ದಾಟುವುದು, ಹಿಂದಿರುಗುವುದು, ದಾಟುವುದು. ಹಳ್ಳದ ಮೇಲೆ ದೋಣಿ ಹೋಗಿಬಂದ ಹಾಗೆ. ಆ ಗೆರೆ ಎಂದಿನಿಂದ ಕಾಣದೆ ಹೋಯಿತು? ನೆನಪಾಗಲಿಲ್ಲ. ತಾನು ವರ್ಷವರ್ಷವೂ ನಾಲ್ಕು ತೊಟ್ಟಿಗೆ ಐದು, ಐದಕ್ಕೆ ಎಂಟು ಮಾಡಿದ್ದು ನೆನಪಾಯಿತು. ಹುಚ್ಚೆಳ್ಳೆಣ್ಣೆಯ ಡಬ್ಬ ನೆನಪಾಯಿತು. ಆ ಎಣ್ಣೆ ಆರಿದರೆ ಬಾಣಲೆಯ ಅಂಚಿನಲ್ಲಿ ಮೇಣದಂತೆ ಕಟ್ಟಿಕೊಳ್ಳುವುದನ್ನು ಅವನು ದಿನವೂ ಕಂಡಿದ್ದನು. ಬಾಣಲೆಯಲ್ಲಿ ಕಂಡದ್ದು ಕಲ್ಲಿನಲ್ಲಿ ಕಾಣಲಿಲ್ಲ. ಅಲ್ಲಿ ಅದು ಹೊಳಪು ಎನ್ನಿಸಿತು. ಇಷ್ಟು ದಿನ ಅವನು ಕತ್ತಿ ಮಸೆದದ್ದು ಕಲ್ಲಿನ ಮೇಲಲ್ಲ, ಎಣ್ಣೆಯ ತೊಗಲಿನ ಮೇಲೆ.

ಅಪ್ಪ ಎಂದೋ ಹೇಳಿದ್ದ ಮಾತೂ ಆಗ ಮೇಲೆದ್ದು ಬಂತು. "ಕಲ್ಗೆ ಎಣ್ಣೆ ಹಾಕೋದು ಬಾಯಾರಿಕೆಗೆ ಕಣೋ, ಹೊಟ್ಟೆತುಂಬ ಅಲ್ಲ. ಹಾಕಿ ಮಸ್ದು, ಒರ್ಸಿ ಇಡ್ಬೇಕು." ಹಾಕುವುದನ್ನು ಅವನು ಬಿಟ್ಟಿರಲಿಲ್ಲ. ಒರೆಸುವುದು ಯಾವಾಗಲೋ ಬಿಟ್ಟುಹೋಗಿತ್ತು.

ಎದ್ದು ಒಳಗೆ ಹೋದನು. ಹುಚ್ಚೆಳ್ಳೆಣ್ಣೆಯ ಡಬ್ಬದ ಮೇಲೆ ಕೈಯಿಟ್ಟು, ತೆಗೆದನು. ಗಿಡ್ಡಮ್ಮನ ತಲೆಗೆ ಹಚ್ಚುವ ಕೊಬ್ಬರಿಎಣ್ಣೆಯ ಗಿಂಡಿಯಿಂದ ಮೂರು ತೊಟ್ಟು ಅಂಗೈಯಲ್ಲಿ ಹಿಡಿದು ತಂದು ಕಲ್ಲಿಗೆ ಸವರಿದನು. ಎರಡೇ ಉಸಿರಿನಲ್ಲಿ ಕಲ್ಲು ಅದನ್ನು ಕುಡಿಯಿತು. ಇನ್ನೆರಡು ತೊಟ್ಟು ಹಾಕಿ ಕತ್ತಿಯನ್ನಿಟ್ಟು ಎಳೆದನು.

ಸರ್ ಎಂದಿತು.

ಆ ಸದ್ದು ಕೇಳಿ ಎಷ್ಟು ಕಾಲವಾಗಿತ್ತು. ಇಷ್ಟು ದಿನ ಕಲ್ಲು ಮೂಕವಾಗಿತ್ತೆಂಬುದೇ ಅವನಿಗೆ ಹೊಳೆದಿರಲಿಲ್ಲ. ಎಳೆದಷ್ಟೂ ಎಣ್ಣೆ ಕಪ್ಪಾಯಿತು. ಕಲ್ಲು ಕಬ್ಬಿಣವನ್ನು ಕಚ್ಚುತ್ತಿತ್ತು. ಇಪ್ಪತ್ತು ಸಲ ಅತ್ತ, ಇಪ್ಪತ್ತು ಸಲ ಇತ್ತ. ತೊಗಲಪಟ್ಟಿಗೆ ಹತ್ತು ಸಲ ಸವರಿ, ಎಡಗೈಯ ಮೇಲಿನ ರೋಮಕ್ಕೆ ಹಿಡಿದನು. ರೋಮ ಎದ್ದು ಗಾಳಿಗೆ ಹಾರಿತು. ಕತ್ತಿ ಮುಟ್ಟಿದ್ದು ಚರ್ಮಕ್ಕೆ ತಿಳಿಯಲಿಲ್ಲ.

ಜವರಯ್ಯನು ಕತ್ತಿಯನ್ನು ಕೆಳಗಿಟ್ಟು ಕೈಯನ್ನು ಮುಂದೆ ಚಾಚಿ ನೋಡಿಕೊಂಡನು. ನಂತರ ಒಂದು ಬಟ್ಟೆಯ ಚೂರು ಹುಡುಕಿ ಕಲ್ಲನ್ನು ಒರೆಸಿದನು.

ಶನಿವಾರ ಬೇಲೂರಿನವರು ಹತ್ತು ಗಂಟೆಯ ಹೊತ್ತಿಗೆ ಬಂದಿಳಿದರು. ಗೋಪಾಲಸ್ವಾಮಿ ಮೇಷ್ಟರು, ಅವರ ಹೆಂಡತಿ, ಮಗು. ಎಲ್ಲರಿಗಿಂತ ಮುಂದೆ ಮೇಷ್ಟರ ತಾಯಿ ಕನಕಲಕ್ಷ್ಮಿಯಮ್ಮನವರು. ಎಪ್ಪತ್ತರ ಹತ್ತಿರದ ವಯಸ್ಸು, ದನಿಗೆ ಮಾತ್ರ ಇಪ್ಪತ್ತು. ಬಂದವರೇ ಬಂಡೆಯ ಪಕ್ಕದಲ್ಲಿ ನಿಂತರು.

"ಏನಯ್ಯಾ ಜವರಯ್ಯ, ನಿತ್ಯ ಬೆಟ್ಟ ಹತ್ತುತ್ತೀಯಂತೆ? ಕಾಯಿ ಮಾರುವವಳು ಹೇಳಿದಳು. ನಾವು ಕೈಂಕರ್ಯದವರೇ ಇಷ್ಟು ಹತ್ತುವುದಿಲ್ಲವಪ್ಪ."

"ಆಮೇಲೆ ಹೇಳ್ತೀನಿ ತಾಯಿ. ಮೊದ್ಲು ಮಗ ಕೂರ್ಲಿ."

ಮೇಷ್ಟರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಸಂಪತ್ಕುಮಾರನು ಕತ್ತಿಯನ್ನು ನೋಡಿದನು, ಜವರಯ್ಯನನ್ನು ನೋಡಿದನು, ಅಳಲು ತುಟಿ ಹೊಂದಿಸಿಕೊಂಡನು.

"ಯಾವೂರಾಯ್ತು ಸ್ವಾಮಿ ತಮ್ಗೆ?" ಎಂದು ಜವರಯ್ಯನು ಗಂಭೀರವಾಗಿ ಕೇಳಿದನು.

ತುಟಿ ಅಲ್ಲಿಯೇ ನಿಂತಿತು. "ಬೇಲೂಲು" ಎಂದಿತು ಮಗು.

"ಬೇಲೂರಾ? ಅಲ್ಲೊಂದು ಆನೆ ಐತಲ್ಲ, ಗೋಡೆ ಮೇಲೆ?"

"ತುಂಬಾ ಐತೆ."

"ಐತೆ ಅನ್ನಬಾರದು, ಇದೆ ಅನ್ನಬೇಕು" ಎಂದರು ಮೇಷ್ಟರು.

"ಎಷ್ಟೈತೆ, ಎಣಿಸಿದ್ದೀರಾ?" ಎಂದನು ಜವರಯ್ಯ.

ಮಗು ಎಣಿಸಲು ಮೊದಲುಮಾಡಿತು. ಬಂದಷ್ಟು ಎಣಿಸಿ, ಐದಾದ ಮೇಲೆ ಎಂಟು, ಎಂಟಾದ ಮೇಲೆ ಮೂರು ಎಂದು ಸುತ್ತುತ್ತ ಹೋಯಿತು. ನೆತ್ತಿಯಿಂದ ಎಳೆಗೂದಲು ಮಡಿಲ ಬಟ್ಟೆಗೆ ಸದ್ದಿಲ್ಲದೆ ಬೀಳುತ್ತಿತ್ತು. ಕಿವಿಯ ಹಿಂದೆ ಬಂದಾಗ ಜವರಯ್ಯನು ಒಂದು ಗಳಿಗೆ ಉಸಿರು ಹಿಡಿದನು. ಕೈ ತಾನಾಗಿಯೇ ಸುತ್ತಿ ಬಂತು. ಮಗು ಇನ್ನೂ ಆನೆಗಳಲ್ಲಿಯೇ ಇತ್ತು. ಕೊನೆಗೆ ಅವನು ಒದ್ದೆ ಬಟ್ಟೆಯಿಂದ ತಲೆಯನ್ನು ಒರೆಸಿ, ಬೆಳಕಿಗೆ ತಿರುಗಿಸಿ, ನಾಲ್ಕೂ ಕಡೆ ನೋಡಿದನು. ಹಾಲಿನ ಬಟ್ಟಲಿನಂಥ ತಲೆ. ಒಂದು ಗೆರೆಯಿಲ್ಲ.

ಕನಕಲಕ್ಷ್ಮಿಯಮ್ಮನವರು ಕನ್ನಡಕ ಹಾಕಿಕೊಂಡು ತಾವೂ ಪರೀಕ್ಷೆ ಮಾಡಿದರು. "ನಿಮ್ಮಪ್ಪನ ಕೈ" ಎಂದರು. ಅದಕ್ಕಿಂತ ಹೆಚ್ಚಿನ ಹೊಗಳಿಕೆ ಅವರಲ್ಲಿರಲಿಲ್ಲ.

ಆಗ ಜವರಯ್ಯನು ಬೆಟ್ಟ ಹತ್ತಿದ ಕಥೆಯನ್ನು ಹೇಳಿದನು. ಏಳು ಗಾಯ, ಏಳು ಕಾಯಿ, ಎಣ್ಣೆ ಹೆಚ್ಚಾದ ಕಲ್ಲು, ಸೊಸೆ ಮಾಡಿಸಿದ ಅಭ್ಯಂಜನ, ಏನನ್ನೂ ಮುಚ್ಚಿಡಲಿಲ್ಲ. ಮೇಷ್ಟರು ನಕ್ಕರು. ಮುದುಕಮ್ಮನವರು ನಗಲಿಲ್ಲ.

"ಸರಿಯಾಗಿಯೇ ಮಾಡಿದ್ದಾಳೆ. ಎಣ್ಣೆ ಹಚ್ಚಿ ನೀರು ಹಾಕದೆ ಬಿಟ್ಟರೆ ಮನುಷ್ಯರಿಗೇ ಶೀತವಾಗುತ್ತದೆ. ಅವಳಿಗೆ ಏನು ಹೇಳಿದೆ?"

"ಏನೂ ಹೇಳ್ಲಿಲ್ಲ ತಾಯಿ" ಎಂದನು ಜವರಯ್ಯ. ಹೇಳುವಾಗ ಅದೇ ಒಂದು ತಪ್ಪಿನಂತೆ ಅವನ ಕಿವಿಗೆ ಕೇಳಿಸಿತು.

ಸಂಜೆ ಪೆಟ್ಟಿಗೆ ಕಟ್ಟಿಕೊಂಡು ಬೋರಮ್ಮನ ಮುಂದೆ ಬಂದು ನಿಂತನು.

"ಒಂದು ಕಾಯಿ ಕೊಡವ್ವ."

"ಇವತ್ತೂ ಹತ್ತೀಯೇನ್ಲಾ? ಮಂಡಿ ಕಳಚ್ಕೊಂಡು ಬಿದ್ದಾತು."

"ಹತ್ತಲ್ಲ. ಮನೇಗೆ."

"ಮನೇಗಾ? ಅಲ್ಲಿಗೆ ಮುಗೀತು ನಿನ್ನ ಭಕ್ತಿ" ಎಂದು ಬೋರಮ್ಮ ನಿರಾಶೆಯಿಂದ ಕಾಯಿ ಕೊಟ್ಟಳು.

ಮನೆಯಲ್ಲಿ ಅನುಸೂಯಮ್ಮ ಅಂಗಳ ಗುಡಿಸುತ್ತಿದ್ದಳು. ಮಾವನನ್ನು ಕಂಡು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದಳು. ಜವರಯ್ಯನು ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು, ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಹೋಗಿ, ಕಾಯಿಯನ್ನು ಒಂದೇ ಏಟಿಗೆ ಒಡೆದನು. ಎರಡು ಹೋಳನ್ನೂ ತಂದು ಅವಳ ಮುಂದೆ ಚಾಚಿದನು.

"ತಪ್ಪಾದ್ರೆ ಕಾಯಿ ಒಡೀಬೇಕು ಅಂತ ನಮ್ಮಪ್ಪನ ಕಟ್ಟಳೆ ಕಣಮ್ಮ. ಬೆಟ್ಟದ್ ಮ್ಯಾಲೇ ಒಡೀಬೇಕು ಅಂತೇನಿಲ್ಲ."

ಅನುಸೂಯಮ್ಮ ಪೊರಕೆ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಹೋಳುಗಳನ್ನು ಇಸಕೊಂಡಳು. ಒಳಗಿನಿಂದ ಗಿಡ್ಡಮ್ಮ ಕೂಗಿದಳು. "ನಿಂತ್ಕೊಂಡು ನೋಡ್ತೀಯೇನೇ, ತುರಿ ತಾ. ಈ ಮನೇಲಿ ಗಂಡಸ್ರು ಒಡ್ದ ಕಾಯಿ ಚಟ್ನಿಗೆ ಬಂದಿದ್ದು ಇದೇ ಮೊದ್ಲು."

ಹುಚ್ಚೆಳ್ಳೆಣ್ಣೆಯ ಡಬ್ಬ ಅಂದಿನಿಂದ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಕಲ್ಲಿಗೆ ಮತ್ತೆ ಕೊಬ್ಬರಿಎಣ್ಣೆ, ಮೂರು ತೊಟ್ಟು; ಮಸೆದ ಮೇಲೆ ಒರೆಸುವುದು ತಪ್ಪದು. ತಿಂಗಳಿಗೊಂದು ಬುಧವಾರ ಬಿಸಿನೀರು, ಸೀಗೆ, ಬೂದಿ. ಆ ಕೆಲಸ ಅನುಸೂಯಮ್ಮನದು. ಜವರಯ್ಯನು ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ, ಗಿಡ್ಡಮ್ಮನಿಗೂ. ಬೆಟ್ಟದ ಬುಡದ ಕ್ಷೌರಿಕರು ಕೆಲವರು ಬಂದು ವಿಚಾರಿಸಿಕೊಂಡು ಹೋಗಿ, ತಮ್ಮ ಕಲ್ಲುಗಳಿಗೂ ಹಾಗೆಯೇ ಮಾಡಿಸತೊಡಗಿದರು. ಲಕ್ಕಪ್ಪನು ಪೇಟೆಯ ಹೊಸ ಕಲ್ಲನ್ನು ತಂದದ್ದು ನಿಜ. ತನ್ನ ಅಂಗಡಿಯಲ್ಲಿ ಬಳಸಿದನು. ಮುಖ್ಯವಾದ ಗಿರಾಕಿ ಬರುವ ಹಿಂದಿನ ದಿನ ಮಾತ್ರ ಕತ್ತಿಯನ್ನು ಮನೆಗೆ ತರುತ್ತಿದ್ದನು.

ಜವರಯ್ಯನು ಆ ಬಂಡೆಯ ಮೇಲೆ ಮುಂದೆ ಹನ್ನೊಂದು ವರ್ಷ ಕುಳಿತನು. ರಕ್ತಕ್ಕಾಗಿ ಬೆಟ್ಟ ಹತ್ತಿದ್ದು ಒಂದೇ ಸಲ, ಅದೂ ಒಂದು ಜೇನುನೊಣದ ದೆಸೆಯಿಂದ. ಷಡಕ್ಷರಪ್ಪನವರು ಎಲ್ಲಿಯಾದರೂ ಸಿಕ್ಕರೆ, "ಈಚೆಗೆ ಬೆಟ್ಟದ ಮೇಲೆ ಕಾಣುವುದೇ ಇಲ್ಲವಲ್ಲ ನೀವು" ಎಂದು ಬೇಸರಪಡುತ್ತಿದ್ದರು.

"ದೇವರ ದಯೆ ಸ್ವಾಮಿ" ಎನ್ನುತ್ತಿದ್ದನು ಜವರಯ್ಯ, "ಹತ್ತೋ ಕಾಲ ಬಂದಿಲ್ಲ."